ಎರಡು ಬಣ್ಣದ ಮನೆಯ ಮೇಷ್ಟ್ರು

ನಮ್ಮ ಮನೆಯ ಹಾಲಿನಲ್ಲಿ ಟೀವಿಯ ಎಡಕ್ಕೆ ಒಂದು ಕ್ಯಾಲೆಂಡರ್ ತೂಗುತ್ತದೆ, ಬಲಕ್ಕೆ ಏನೂ ಇಲ್ಲ. ಈ ಮನೆಗೆ ಬಂದಾಗಿನಿಂದ ಹಾಗೇ ಇದೆ. ಒಂದು ದಿನವೂ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಈ ಎರಡು ತಿಂಗಳಿಂದ ಮಾತ್ರ ಆ ಬಲಗಡೆಯ ಖಾಲಿ ಗೋಡೆ ನನ್ನನ್ನು ಕೂರಲು ಬಿಡುತ್ತಿಲ್ಲ. ಟೀವಿ ನೋಡುತ್ತಿದ್ದವಳು ಎದ್ದು ಹೋಗಿ ಕ್ಯಾಲೆಂಡರನ್ನು ಬಲಕ್ಕೆ ಹಾಕುತ್ತೇನೆ. ಆಗ ಎಡಗಡೆ ಬೋಳಾಗಿ ಕಾಣುತ್ತದೆ. ನಡುವೆ ಟೀವಿಯ ಮೇಲೆ ಹಾಕಿದರೆ ಫ್ಯಾನಿನ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ. ನಮ್ಮ ಯಜಮಾನರು ಮೊನ್ನೆ, "ಏನೇ ಇದು, ದೆವ್ವ ಗಿವ್ವ ಮೆಟ್ಕೊಂಡಿದೆಯಾ ನಿಂಗೆ?" ಎಂದು ಕೇಳಿಯೇ ಬಿಟ್ಟರು.

ಮೆಟ್ಟಿಕೊಂಡಿರುವುದು ನಿಜ. ಅದು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು. ಹೆಸರು ಬೇಡ. ಶಾಲೆಯಲ್ಲೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ನಾನು ಅರಕಲಗೂಡಿನಲ್ಲಿ ಹತ್ತು ವರ್ಷ ಗಣಿತ ಹೇಳಿಕೊಟ್ಟು, ಚನ್ನರಾಯಪಟ್ಟಣದ ಹೊರಗಿನ ಒಂದು ಹೈಸ್ಕೂಲಿಗೆ ವರ್ಗವಾಗಿ ಬಂದವಳು. ಮನೆ ಹಾಸನದಲ್ಲಿ, ದಿನಾ ಬಸ್ಸು. ನಾನು ಬಂದ ವರ್ಷವೇ ಅವರೂ ಹೊಳೆನರಸೀಪುರದ ಕಡೆಯಿಂದ ಬಂದರು. ಅವರಿಗಿಂತ ಮೊದಲೇ ಅವರ ಕಥೆ ಬಂದಿತ್ತು. ಅಲ್ಲಿನ ಶಾಲೆಯ ಗೇಟಿನ ಆಚೆ ಈಚೆ ಒಂದೊಂದು ಬೇವಿನ ಮರ ಇದ್ದವಂತೆ. ಒಂದು ಒಣಗಿ ಬಿತ್ತು. ಇವರು ಅದೇ ಜಾಗದಲ್ಲಿ ಸಸಿ ನೆಟ್ಟು, ದಿನಾ ಎರಡು ಬಿಂದಿಗೆ ನೀರು ಹೊತ್ತರು. ಸಸಿ ಚೆನ್ನಾಗಿಯೇ ಬಂತು. ಆದರೆ ಒಂದು ಕಡೆ ಮುಗಿಲೆತ್ತರದ ಮರ, ಇನ್ನೊಂದು ಕಡೆ ಮೊಣಕಾಲುದ್ದದ ಸಸಿ. "ಇದು ಅದರಷ್ಟುದ್ದ ಆಗೋ ಹೊತ್ಗೆ ನಾನು ರಿಟೈರಾಗಿರ್ತೀನಿ, ದಿನಾ ಗೇಟಲ್ಲಿ ಇದ್ನ ನೋಡ್ಕಂಡು ಬರಕ್ಕಾಗಲ್ಲ" ಎಂದು ವರ್ಗಕ್ಕೆ ಅರ್ಜಿ ಹಾಕಿದರು ಅಂತ ಅಲ್ಲಿಯವರು ಹೇಳಿಕೊಂಡು ನಗುತ್ತಿದ್ದರು. ನಾನು ಸುಳ್ಳು ಎಂದುಕೊಂಡೆ. ಸ್ಟಾಫ್ ರೂಮಿನಲ್ಲಿ ಒಂದು ವಾರ ಅವರ ಎದುರು ಕೂತ ಮೇಲೆ ಇದ್ದರೂ ಇರಬಹುದು ಅನ್ನಿಸಿತು.

ಕಪ್ಪಗೆ, ಕುಳ್ಳಗೆ ಇದ್ದರು. ಬಿಳಿ ಶೂ, ಕೊರಳಲ್ಲಿ ವಿಷಲ್. ಆ ವಿಷಲ್ ಎದೆಯ ನಟ್ಟನಡುವೆಯೇ ಇರಬೇಕು. ಓಡಿ ಬಂದರೂ, ಹುಡುಗರ ಮೇಲೆ ರೇಗುತ್ತಿದ್ದರೂ, ಒಂದು ಕೈ ಹೋಗಿ ಅದನ್ನು ನಡುವಿಗೆ ಎಳೆದುಕೊಳ್ಳುತ್ತಿತ್ತು. ಸ್ಟಾಫ್ ರೂಮಿಗೆ ಟೀ ಜೊತೆ ಬಿಸ್ಕತ್ತಿನ ತಟ್ಟೆ ಬರುತ್ತಿತ್ತು. ಎಲ್ಲರೂ ತೆಗೆದುಕೊಂಡ ಮೇಲೆ ತಟ್ಟೆಯ ಅಂಚಿನಲ್ಲಿ ಒಂದೇ ಬಿಸ್ಕತ್ತು ಉಳಿದರೆ ಅವರ ಮಾತು ಅರ್ಧಕ್ಕೇ ನಿಂತುಹೋಗುತ್ತಿತ್ತು. ಬೆರಳಲ್ಲಿ ಅದನ್ನು ತಟ್ಟೆಯ ನಡುವಿಗೆ ಸರಿಸುತ್ತಿದ್ದರು. ಸಮಾಧಾನವಾಗದೆ ಸ್ವಲ್ಪ ಈಚೆಗೆ ಸರಿಸುತ್ತಿದ್ದರು. ಕೊನೆಗೆ ತಿಂದೇ ಬಿಡುತ್ತಿದ್ದರು. ಸಕ್ಕರೆ ಕಾಯಿಲೆಯ ಮನುಷ್ಯ.

"ಡಾಕ್ಟರು ಬೈಯಲ್ವಾ ಮೇಷ್ಟ್ರೇ?" ಎಂದೆ ಒಂದು ದಿನ.

"ಬೈಲಿ ಬಿಡಿ ಮೇಡಂ. ಅವ್ರು ಬೈಯದು ತಿಂಗ್ಳಿಗೊಂದ್ಸಲ. ಇದು ಈಗ್ಲೇ ಕಣ್ಣಿಗೆ ಕುಟುಕ್ತಾ ಅದೆ."

ಇದು ಅವರದೇ ಮಾತು. ಗೋಡೆಯ ಮೇಲೆ ಓರೆಯಾದ ಫೋಟೋ, ಪ್ರಾರ್ಥನೆಯ ಸಾಲಿನಲ್ಲಿ ಒಂದು ಕಡೆ ಹೆಚ್ಚಾದ ಇಬ್ಬರು ಮಕ್ಕಳು, ಒಂದೇ ಕಡೆಗೆ ಹೂ ಮುಡಿದ ದೇವರ ಪಟ, ಎಲ್ಲವೂ ಅವರ ಕಣ್ಣಿಗೆ ಇರುವೆಯ ಹಾಗೆ ಕುಟುಕುತ್ತಿದ್ದವು. ಎದ್ದು ಸರಿ ಮಾಡುವವರೆಗೆ ಕೂತಲ್ಲಿ ಕೂರುತ್ತಿರಲಿಲ್ಲ. ಅವರ ಪಕ್ಕದಲ್ಲಿ ಕೂತು ಉತ್ತರಪತ್ರಿಕೆ ತಿದ್ದುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನನಗೆ ರೇಗುತ್ತಿತ್ತು. "ಒಂದು ಕಡೆ ಕೂತ್ಕೊಳ್ಳಿ ಮೇಷ್ಟ್ರೇ, ನನ್ನ ಟೋಟಲ್ ತಪ್ಪುತ್ತೆ" ಎಂದು ಎಷ್ಟು ಸಲ ಗದರಿದ್ದೇನೋ.

ಒಂದು ಬೆಳಿಗ್ಗೆ ಬಸ್ಸಿನ ನೂಕಾಟದಲ್ಲಿ ನನ್ನ ಒಂದು ಓಲೆ ಕಳೆದುಹೋಯಿತು. ನನಗೆ ಗೊತ್ತೇ ಆಗಿರಲಿಲ್ಲ. ಅವತ್ತು ಮೇಷ್ಟ್ರು ನನ್ನ ಕಡೆ ನೋಡುವುದು, ಮುಖ ತಿರುಗಿಸುವುದು, ಮತ್ತೆ ನೋಡುವುದು. ಇವರಿಗೇನು ಬಂತು ಎಂದು ನನಗೆ ಸಿಟ್ಟು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಹತ್ತಿರ ಬಂದು, ನೆಲ ನೋಡುತ್ತ ಹೇಳಿದರು: "ಮೇಡಂ, ತಪ್ಪು ತಿಳ್ಕಬೇಡಿ. ನಿಮ್ಮ ಒಂದು ಓಲೆ ಬಿದ್ದೋಗದೆ. ಸಿಗೋವರ್ಗೂ ಇನ್ನೊಂದನ್ನೂ ತೆಗೆದ್ಬಿಡಿ." ಚಿನ್ನದ ಓಲೆ ಹೋಯಿತಲ್ಲ ಎಂದು ನಾನು ಅಳುತ್ತ ಕೂತರೆ, ಅವರ ಮುಖದಲ್ಲಿ ಮಾತ್ರ ನಾನು ಇನ್ನೊಂದನ್ನು ಬಿಚ್ಚಿದ ಕೂಡಲೇ ನೆಮ್ಮದಿ. ಸಂಜೆ ಅವರೇ ಡಿಪೋಗೆ ಹೋಗಿ ವಿಚಾರಿಸಿಕೊಂಡು ಬಂದರು. ಸಿಗಲಿಲ್ಲ.

ಆದರೆ ಅವರ ಕಣ್ಣು ದಡ್ಡ ಕಣ್ಣಲ್ಲ. ಅದನ್ನೂ ಹೇಳಬೇಕು. ನಮ್ಮ ಆಟದ ಮೈದಾನ ಪೂರ್ವಕ್ಕೆ ಇಳಿಜಾರು. ಅವರು ಸುಣ್ಣದಲ್ಲಿ ಎಳೆದ ಖೋ ಖೋ ಅಂಕಣವನ್ನು ಒಂದು ದಿನ ನಾನು ಬೇಕೆಂದೇ ಟೇಪು ಹಿಡಿದು ಅಳೆದೆ. ಕೆಳಗಿನ ಕಡೆ ಒಂದು ಗೇಣು ಹೆಚ್ಚಿತ್ತು. ಸಿಕ್ಕಿಬಿದ್ದರು ಎಂದು ನನಗೆ ಖುಷಿ.

"ನೋಡಿದ್ರಾ? ನಿಮ್ಮ ಸಮ ಇಷ್ಟೇ."

"ಟೇಪಿಗೆ ಸಮ ಮಾಡಿದ್ರೆ ಇಳಿಜಾರಿನ ಕಡೆ ಕುಗ್ಗಿದಂಗೆ ಕಾಣ್ತದೆ ಮೇಡಂ. ಬನ್ನಿ, ಇಲ್ಲಿ ನಿಂತ್ಕಂಡು ನೋಡಿ."

ಅವರು ತೋರಿಸಿದ ಜಾಗದಲ್ಲಿ ನಿಂತು ನೋಡಿದೆ. ತಕ್ಕಡಿಯ ಹಾಗೆ ಸಮನಾಗಿ ಕಾಣುತ್ತಿತ್ತು. ಗಣಿತದವಳು ನಾನು, ಒಪ್ಪಿಕೊಳ್ಳಲಿಲ್ಲ. ಹೊರಗಿನವರು ಬಂದಾಗ ಟೇಪೇ ಹಿಡಿಯುತ್ತಾರೆ ಎಂದು ಹೇಳಿ ಬಂದೆ.

ಕುರ್ಚಿಯ ಪ್ರಸಂಗ ಇಡೀ ತಾಲ್ಲೂಕಿಗೇ ಗೊತ್ತು. ಸ್ವಾತಂತ್ರ್ಯ ದಿನಾಚರಣೆಗೆ ವೇದಿಕೆಯ ಮೇಲೆ ಐದು ಕುರ್ಚಿ ಹಾಕಿದ್ದರು, ನಡುವಿನದು ಅಧ್ಯಕ್ಷರಿಗೆ. ಕರೆಯದಿದ್ದರೂ ಒಬ್ಬ ಮುಖಂಡರು ಬಂದುಬಿಟ್ಟರು. ನಮ್ಮ ಹೆಡ್‌ಮಾಸ್ಟರು ಗಾಬರಿಯಲ್ಲಿ ಎಡಗಡೆಯ ಕೊನೆಗೆ ಇನ್ನೊಂದು ಕುರ್ಚಿ ಹಾಕಿಸಿ ಕೂರಿಸಿದರು. ಧ್ವಜಕ್ಕೆ ಹೂ ಕಟ್ಟುತ್ತಿದ್ದ ಮೇಷ್ಟ್ರು ತಿರುಗಿ ನೋಡಿದರು. ಎಡಕ್ಕೆ ಮೂರು, ಬಲಕ್ಕೆ ಎರಡು. ವಿಷಲ್ ಮುಟ್ಟಿಕೊಂಡರು. ಎರಡು ನಿಮಿಷ ತಡೆದರು. ಆಮೇಲೆ ಓಡಿ ಹೋಗಿ ಒಂದು ಖಾಲಿ ಕುರ್ಚಿ ತಂದು ಬಲಗಡೆಯ ಕೊನೆಗೆ ಇಟ್ಟು, ದೂರ ನಿಂತು ನೋಡಿ, ಹಗುರಾದರು. ಖಾಲಿ ಕುರ್ಚಿ ಯಾರಿಗೆ ಎಂದು ಜನ ಗುಸುಗುಸು ಮಾಡಿದರು. ಸುದ್ದಿ ರಸ್ತೆಗೆ ಮುಟ್ಟಿತು. ಹತ್ತು ನಿಮಿಷದಲ್ಲಿ ಎದುರು ಪಕ್ಷದ ಮುಖಂಡರು, "ನಮ್ಗೂ ಕುರ್ಚಿ ಮಡಗವ್ರಂತೆ, ಮರ್ಯಾದೆ ಕೊಟ್ಟಾಗ ಬರ್ದೆ ಇರಕ್ಕಾಯ್ತದಾ" ಎನ್ನುತ್ತ ನಾಲ್ಕು ಜನರೊಂದಿಗೆ ಬಂದು ಕೂತೇ ಬಿಟ್ಟರು. ವರ್ಷಗಳಿಂದ ಒಂದೇ ವೇದಿಕೆ ಹತ್ತದಿದ್ದ ಇಬ್ಬರು ಎರಡು ತುದಿಗೆ. ಭಾಷಣ ಶುರುವಾಗುವ ಮೊದಲೇ ಜಗಳ ಶುರುವಾಯಿತು. ಮಕ್ಕಳಿಗೆ ಲಾಡು ಹಂಚುವಷ್ಟರಲ್ಲಿ ಪೊಲೀಸಿನವರು ಬಂದಿದ್ದರು. ಹೆಡ್‌ಮಾಸ್ಟರು ಕೈ ಮುಗಿದು ಕೇಳಿದರು, "ಯಾಕ್ರೀ ಹಾಕಿದ್ರಿ ಆ ಕುರ್ಚಿನ?"

"ಸಾ, ಒಂದ್ಕಡೆ ವಾಲ್ಕಂಡಿತ್ತು" ಎಂದರು ಮೇಷ್ಟ್ರು.

ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಇದು ನಗುವ ಕಥೆಯಾಗಿಯೇ ಉಳಿಯುತ್ತಿತ್ತು. ನಾನೂ ಬಹಳ ದಿನ ಅಷ್ಟನ್ನೇ ಹೇಳಿಕೊಂಡು ತಿರುಗಿದೆ.

ನನ್ನ ತವರು ಹಿರೀಸಾವೆ. ಮೇಷ್ಟ್ರ ಊರು ಅಲ್ಲಿಂದ ಒಳಗೆ ಎರಡು ಕಿಲೋಮೀಟರ್. ಒಂದು ಭಾನುವಾರ ತವರಿಗೆ ಹೋಗಿದ್ದಾಗ ಕರೆದರು ಎಂದು ಅವರ ಮನೆಗೆ ಹೋದೆ. ದೂರದಿಂದಲೇ ಕಂಡಿತು. ಒಂದೇ ಹೆಂಚಿನ ಮಾಡು, ಒಂದೇ ಉದ್ದನೆಯ ಜಗುಲಿ. ಎಡಗಡೆಯ ಅರ್ಧ ಮನೆ ತಿಳಿ ಕೆನೆ ಬಣ್ಣ, ಬಲಗಡೆಯ ಅರ್ಧ ಗಿಣಿ ಹಸಿರು. ನಡುವೆ ಒಂದು ಕಂಬದ ಮುಖ, ಅದಕ್ಕೆ ಯಾವ ಕಾಲದ್ದೋ ಮಾಸಿದ ಕಾವಿ. ನಮ್ಮ ಕಡೆ ಭಾಗವಾದ ಮನೆಗಳು ಹೀಗೆ ಎರಡು ಬಣ್ಣದಲ್ಲಿ ನಿಂತಿರುವುದನ್ನು ನೋಡಿ ನೋಡಿ ನಮಗೆ ಅಭ್ಯಾಸ. ಆದರೆ ಈ ಮನುಷ್ಯ ಇದರಲ್ಲಿ ಹೇಗೆ ಉಸಿರಾಡುತ್ತಾರೆ ಎಂದುಕೊಂಡೆ. ಮೇಷ್ಟ್ರು ಮನೆಗೆ ಬೆನ್ನು ಹಾಕಿ ಜಗುಲಿಯ ತುದಿಯಲ್ಲಿ ಕೂತಿದ್ದರು. ಅವರ ಹೆಂಡತಿ ಕಾಫಿ ತಂದುಕೊಟ್ಟು, "ಇವ್ರು ಈಚೆಗೆ ಬಂದ್ರೆ ಹಿಂಗೇ ಕೂರದು. ಇಲ್ಲಾಂದ್ರೆ ಓಗಿ ಆ ಉಣಿಸೆ ಮರದ ಬುಡ್ದಾಗೆ ನಿಂತ್ಕಂಡು ಮನೇನೇ ನೋಡ್ತಾರೆ. ಜನ ಏನಂದ್ಕಂತಾರೆ ಏಳಿ" ಎಂದರು. ಅವರಿಗೆ ಮಕ್ಕಳಿರಲಿಲ್ಲ.

ಕಥೆ ಅವತ್ತು ಮೇಷ್ಟ್ರ ಬಾಯಲ್ಲೇ ಗೊತ್ತಾಯಿತು. ಹಸಿರು ಅರ್ಧ ಅವರ ತಮ್ಮನದು. ತಮ್ಮ ಇವರಿಗಿಂತ ಹನ್ನೆರಡು ವರ್ಷ ಚಿಕ್ಕವನು, ಇವರೇ ಎತ್ತಿ ಆಡಿಸಿ ಓದಿಸಿದ್ದು. ಅಪ್ಪ ತೀರಿಕೊಂಡ ಮೇಲೆ ಭಾಗ ಮಾಡಿಕೊಂಡರು. ಹೊಲ, ತೋಟ ಸಲೀಸಾಗಿ ಬಗೆಹರಿಯಿತು. ಮನೆಗೆ ಬಂದಾಗ ತೊಡಕಾಯಿತು. ಜಗುಲಿಗೆ ಮೂರು ಕಂಬ. ನಟ್ಟನಡುವೆ ಗೋಡೆ ಎತ್ತಿದರೆ ಅದು ನಡುಗಂಬದ ಮೇಲೇ ಬರುತ್ತದೆ. ಗೋಡೆಯನ್ನು ಒಂದು ಗೇಣು ಅಣ್ಣನ ಕಡೆಗೆ ಸರಿಸಿ, ಕಂಬ ನನ್ನ ಕಡೆ ಉಳಿಯಲಿ, ಬದಲಿಗೆ ಅಣ್ಣ ಹಿತ್ತಿಲಲ್ಲಿ ಹೆಚ್ಚು ಜಾಗ ತೆಗೆದುಕೊಳ್ಳಲಿ ಎಂದ ತಮ್ಮ. ನ್ಯಾಯಕ್ಕೆ ಕೂತ ಹಿರಿಯರೂ ಹೂಂ ಎಂದರು. ಮೇಷ್ಟ್ರು ಒಪ್ಪಲಿಲ್ಲ. ಒಂದು ಕಡೆ ಎರಡು ಕಂಬ, ಇನ್ನೊಂದು ಕಡೆ ಒಂದೇ ಕಂಬ. ಅದನ್ನು ಅವರ ಕಣ್ಣು ತಾಳುವುದಿಲ್ಲ. ಆದರೆ ಹತ್ತು ಜನರ ಮುಂದೆ ಹಾಗೆ ಹೇಳಿದರೆ ಹುಚ್ಚ ಅನ್ನುತ್ತಾರೆ. ಅದಕ್ಕೆ, "ನಡೂಗೇ ಬರ್ಲಿ. ಒಂದು ಗೇಣೂ ಆಚೆ ಈಚೆ ಆಗ್ಬಾರ್ದು" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡರು. ಸಾಕಿದ ಅಣ್ಣ ಒಂದು ಗೇಣು ಜಾಗಕ್ಕೆ ಹಟ ಹಿಡಿದ ಎಂದು ತಮ್ಮ ತಿಳಿದುಕೊಂಡ. ಕಂಬ ಗೋಡೆಯೊಳಗೆ ಹೂತುಹೋಯಿತು, ಮುಖ ಮಾತ್ರ ಈಚೆಗೆ ಉಳಿಯಿತು. ಅವತ್ತಿನಿಂದ ಮಾತಿಲ್ಲ. ಹೆದ್ದಾರಿಯ ಪಕ್ಕ ಹೋಟೆಲು ಹಾಕಿ ಕೈಯಲ್ಲಿ ನಾಲ್ಕು ಕಾಸು ಆಡಿದ ವರ್ಷ ತಮ್ಮ ತನ್ನ ಅರ್ಧಕ್ಕೆ ಗಿಣಿ ಹಸಿರು ಹೊಡೆಸಿದ.

"ನಂಗೇನು ಕೆನೆ ಬಣ್ಣವೇ ಆಗ್ಬೇಕು ಅಂತಿಲ್ಲ ಮೇಡಂ" ಎಂದರು ಮೇಷ್ಟ್ರು. "ಎರಡೂ ಕಡೆ ಒಂದೇ ಆದ್ರೆ ಸಾಕು."

ಮುಂದಿನ ದೀಪಾವಳಿಗೆ ಅವರೂ ಗಿಣಿ ಹಸಿರು ಹೊಡೆಸಿದರು. ಸೋತು ಶರಣಾದ ಹಾಗೆ ಅವರ ಲೆಕ್ಕ. ತಮ್ಮನಿಗೆ ಅದು ಅಣಕವಾಗಿ ಕಂಡಿತು. ಯುಗಾದಿಗೆ ಅವನು ನೀಲಿ ಹೊಡೆಸಿದ. ಗೌರಿ ಹಬ್ಬಕ್ಕೆ ಇವರು ನೀಲಿ. ಮರು ಯುಗಾದಿಗೆ ಅವನು ಗುಲಾಬಿ. ಊರವರು ಅರಳಿಕಟ್ಟೆಯಲ್ಲಿ ಮುಂದಿನ ಬಣ್ಣ ಯಾವುದು ಎಂದು ಪಂಥ ಕಟ್ಟತೊಡಗಿದರು. ಮೇಷ್ಟ್ರು ತಮ್ಮನ ಗೋಡೆಯ ಒಂದು ಚಕ್ಕೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದು ಸ್ಟಾಫ್ ರೂಮಿನ ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣದಂಗಡಿಯ ಶೇಡ್ ಕಾರ್ಡಿಗೆ ತಾಳೆ ನೋಡುತ್ತಿದ್ದರು. ಕಾರ್ಡಿನಲ್ಲಿ ಗುಲಾಬಿಯೇ ಹದಿನೆಂಟು ಥರ. ಹೊಡೆಸಿದ ಮೇಲೂ ನೆಮ್ಮದಿಯಿಲ್ಲ. "ಅವಂದು ಆರು ತಿಂಗ್ಳು ಬಿಸ್ಲು ತಿಂದದೆ ಮೇಡಂ, ನಂದು ಇನ್ನೂ ತಿಂದಿಲ್ಲ. ಕೂಡ್ತಾ ಇಲ್ಲ" ಎನ್ನುತ್ತ ಎದ್ದು ಓಡಾಡುತ್ತಿದ್ದರು.

"ಅಯ್ಯೋ ಮೇಷ್ಟ್ರೇ, ಒಂದು ಮಾತು ಆಡಿ ಮುಗಿಸಬಾರದಾ?"

"ನಾನು ಹೋಗಿ ನಿಂತ್ರೆ ಅವ್ನು ಎದ್ದೋಯ್ತನೆ." ಬೆಂಕಿಪೊಟ್ಟಣ ಮುಚ್ಚಿ ಜೇಬಿಗೆ ಹಾಕಿಕೊಂಡು ಹೇಳಿದರು. "ನೀವು ಹಿರೀಸಾವೆಯಲ್ಲಿ ಇಳಿಯೋರು. ಅವನ ಹೋಟ್ಲು ಬಸ್ ಸ್ಟಾಪಿನ ಪಕ್ಕಾನೇ. ಒಂದ್ಸಲ ಹೇಳಿ ಮೇಡಂ. ಅಣಕಕ್ಕಲ್ಲ, ಕಣ್ಣಿಗೆ ಕುಟುಕ್ತದೆ ಅಂತ. ಅವತ್ತು ಆ ಗೇಣು ಜಾಗವೂ ಅಷ್ಟೇ, ಜಾಗದಾಸೆಗಲ್ಲ ಅಂತ. ನಿಮ್ಮ ಮಾತು ಕೇಳ್ತನೆ."

ಕೇಳುತ್ತಿದ್ದ. ಹಿರೀಸಾವೆಯ ಸ್ಕೂಲಿನಲ್ಲಿ ಅವನು ನನಗಿಂತ ಎರಡು ಕ್ಲಾಸು ಹಿಂದೆ ಇದ್ದವನು, ಈಗಲೂ ಅಕ್ಕ ಎಂದೇ ಕರೆಯುತ್ತಾನೆ. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಆ ಭಾನುವಾರ ಹೋಟೆಲಿಗೆ ಹೋದೆ. ತಟ್ಟೆ ಇಡ್ಲಿಯ ಹೊತ್ತು, ಗಿಜಿಗಿಜಿ ಜನ. "ಬಾರಕ್ಕಾ, ಕೂತ್ಕ" ಎಂದು ಅವನೇ ಕಾಫಿ ತಂದಿಟ್ಟ. "ನಿಮ್ ಇಸ್ಕೂಲಾಗೆ ಒಬ್ಬ ಗ್ವಾಡೆ ಮೇಷ್ಟ್ರು ಅವ್ನಲ್ಲ, ಎಂಗವ್ನೆ?" ಎಂದ. ಪಕ್ಕದ ಮೇಜಿನ ಇಬ್ಬರು ಕಿಸಕ್ಕೆಂದರು. ನನಗೂ ನಗು ಬಂತು. ಬಂದ ಕೆಲಸ ಹೇಳುವ ಮೊದಲು ಗಾಳಿ ತಿಳಿಯಾಗಲಿ ಎಂದು ಕುರ್ಚಿಯ ಕಥೆ ಶುರು ಮಾಡಿದೆ. ನಾನು ಕಥೆ ಚೆನ್ನಾಗಿ ಹೇಳುತ್ತೇನೆ, ಅದೇ ನನ್ನ ಕೆಟ್ಟ ಗುಣ. "ಸಾ, ಒಂದ್ಕಡೆ ವಾಲ್ಕಂಡಿತ್ತು" ಎನ್ನುವಲ್ಲಿಗೆ ಮೇಷ್ಟ್ರ ಹಾಗೆಯೇ ವಿಷಲ್ ಮುಟ್ಟಿಕೊಂಡು ತೋರಿಸಿದೆ. ಇಡೀ ಹೋಟೆಲು ಬಿದ್ದು ಬಿದ್ದು ನಕ್ಕಿತು. ತಮ್ಮ ಕಣ್ಣೊರೆಸಿಕೊಂಡು ನಕ್ಕ. ಅಷ್ಟರಲ್ಲಿ ಹಾಸನದ ಬಸ್ಸು ಬಂತು. ಮುಂದಿನ ವಾರ ಹೇಳಿದರಾಯಿತು ಎಂದು ಹತ್ತಿದೆ.

ಸೋಮವಾರ ಮೇಷ್ಟ್ರು ಗೇಟಿನಲ್ಲೇ ಕಾಯುತ್ತಿದ್ದರು. "ಹೇಳಿದ್ರಾ ಮೇಡಂ?"

ಇಲ್ಲ ಎನ್ನಲು ನಾಚಿಕೆಯಾಯಿತು. "ಹೇಳಿದೆ" ಎಂದುಬಿಟ್ಟೆ.

"ಏನಂದ?"

"ನಕ್ಕ."

"ನಕ್ನಾ?" ಅವರ ಮುಖ ಅರಳಿತು. "ನಕ್ನಂತಾ?" ಎಂದು ಇನ್ನೊಮ್ಮೆ ಕೇಳಿದರು. ಅವತ್ತು ನನ್ನ ಟೇಬಲ್ಲಿಗೆ ಅವರ ಲೆಕ್ಕದಲ್ಲಿ ಎರಡು ವಡೆ ಬಂದವು, ತಟ್ಟೆಯ ಎರಡು ಕಡೆ ಒಂದೊಂದು. ಮುಂದಿನ ವಾರ ಹೇಳಿ ಸುಳ್ಳನ್ನು ನಿಜ ಮಾಡಿದರಾಯಿತು ಎಂದುಕೊಂಡೆ. ಮುಂದಿನ ವಾರ ಮಳೆ. ಅದರ ಮುಂದಿನ ವಾರ ಹೋಟೆಲಿನಲ್ಲಿ ಅವನಿರಲಿಲ್ಲ. ಆಮೇಲೆ ಇಷ್ಟು ದಿನ ಬಿಟ್ಟು ಹೇಗೆ ಹೇಳುವುದು ಎಂಬ ಮುಜುಗರ. ನಿಜ ಹೇಳಬೇಕೆಂದರೆ, ಇಷ್ಟೆಲ್ಲ ಮಾಡಿದರೂ ಅದು ಬರೀ ಬಣ್ಣದ ವಿಷಯ ತಾನೇ ಎಂಬ ಅಸಡ್ಡೆ ನನಗಿತ್ತು.

ಯುಗಾದಿ ಬಂತು. ಗೋಡೆ ಇನ್ನು ಬದಲಾಗುವುದಿಲ್ಲ, ಎರಡು ಗುಲಾಬಿಯೂ ಬಿಸಿಲು ತಿಂದು ಕೂಡಿಕೊಳ್ಳುತ್ತವೆ ಎಂದು ಮೇಷ್ಟ್ರು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದರು. ಹಬ್ಬದ ಹಿಂದಿನ ದಿನ ತಮ್ಮ ತನ್ನ ಅರ್ಧಕ್ಕೆ ಅರಿಶಿನ ಹಳದಿ ಹೊಡೆಸಿದ.

ಮೇಷ್ಟ್ರು ಬೈಯಲಿಲ್ಲ. ಶೇಡ್ ಕಾರ್ಡ್ ತರಲಿಲ್ಲ. "ಹೇಳಿದ್ಮೇಲೂ ಬದಲಾಯ್ಸಿದ್ನಲ್ಲ ಮೇಡಂ. ಅಂದ್ರೆ ಗೊತ್ತಿದ್ದೇ ಮಾಡವ್ನೆ" ಎಂದರು. ಆಗ ಹೇಳಬಹುದಿತ್ತು. ನನ್ನ ಬಾಯಿಗೆ 'ನಾನು ಹೇಳಿಯೇ ಇಲ್ಲ' ಎಂಬ ಮಾತು ಬಂದು, ನಾಲಿಗೆಯ ತುದಿಯಲ್ಲಿ ನಿಂತು, ವಾಪಸ್ಸು ಹೋಯಿತು.

ಅವರ ಗೋಡೆ ಗುಲಾಬಿಯಾಗಿಯೇ ಉಳಿಯಿತು. ಮೇಷ್ಟ್ರು ಒಂದು ಕಡೆ ಕೂರುವುದನ್ನು ಕಲಿತರು. ನಾನು ವರ್ಷಗಟ್ಟಲೆ ಗದರಿ ಕೇಳಿಕೊಂಡಿದ್ದು ಅದನ್ನೇ, ಈಗ ಅದನ್ನು ನೋಡಲಾಗುತ್ತಿರಲಿಲ್ಲ. ತಟ್ಟೆಯ ಅಂಚಿನಲ್ಲಿ ಬಿಸ್ಕತ್ತು ಉಳಿಯುತ್ತಿತ್ತು. ಅವರು ಮಾತಾಡುತ್ತಲೇ ಇರುತ್ತಿದ್ದರು. ಒಂದು ದಿನ ನಾನು ಬೇಕೆಂದೇ ಸ್ಟಾಫ್ ರೂಮಿನ ಕ್ಯಾಲೆಂಡರನ್ನು ಓರೆ ಮಾಡಿ ಅವರ ಎದುರೇ ಬಿಟ್ಟೆ. ಇಡೀ ದಿನ ಅದರ ಕೆಳಗೇ ಕೂತಿದ್ದರು, ಕತ್ತೆತ್ತಲಿಲ್ಲ. ವಿಷಲ್ ಒಂದು ಕಡೆಗೆ ಜಾರಿತ್ತು. ಸಂಜೆ ಎಲ್ಲರೂ ಹೋದ ಮೇಲೆ ಕ್ಯಾಲೆಂಡರನ್ನು ನಾನೇ ನೆಟ್ಟಗೆ ಮಾಡಿದೆ. ಹೀಗೆ ಮೂರು ವರ್ಷ ಕಳೆಯಿತು. ನನಗೆ ಅವರ ಎದುರು ಕೂರುವುದೇ ಹಿಂಸೆಯಾಗಿ, ಬಿಡುವಿನ ಪಿರಿಯಡ್ಡಿನಲ್ಲಿ ಲೈಬ್ರರಿಗೆ ಹೋಗಿ ಕೂರತೊಡಗಿದೆ.

ಎರಡು ತಿಂಗಳ ಹಿಂದೆ, ಒಂದು ಬೆಳಿಗ್ಗೆ ಸ್ನಾನಕ್ಕೆ ಹೊರಟವರು ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆ ತಲುಪಲಿಲ್ಲ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ತಿಥಿಯ ದಿನ ನನಗೆ ಪರೀಕ್ಷೆಯ ಡ್ಯೂಟಿ ಬಿದ್ದಿತ್ತು. ಅದಕ್ಕೆ ಎರಡು ದಿನ ಮೊದಲು, ಭಾನುವಾರವೇ ಹೋದೆ. ಹುಣಿಸೆ ಮರದ ಹತ್ತಿರ ಬರುತ್ತಿದ್ದ ಹಾಗೆ ಕಾಲು ನಿಂತಿತು. ಇಡೀ ಮನೆ ಬಿಳಿ. ಸಾವಾದ ಮನೆಗೆ ತಿಥಿಯೊಳಗೆ ಸುಣ್ಣ ಆಗಬೇಕು, ಸೂತಕ ದಾಯಾದಿಗೂ ಉಂಟು. ಮನೆಗೆ ಗೋಡೆ ಎತ್ತಿದರೂ ಸೂತಕಕ್ಕೆ ಗೋಡೆಯಿಲ್ಲ. ಎರಡೂ ಕಡೆಗೆ ಒಬ್ಬನೇ ಆಳು, ಒಂದೇ ಡ್ರಮ್ಮಿನ ಸುಣ್ಣ ಹೊಡೆಯುತ್ತಿದ್ದ. ನಡುಗಂಬದ ಕಾವಿಯನ್ನು ಮಾತ್ರ ಮುಟ್ಟಿರಲಿಲ್ಲ. ತಮ್ಮ ತಲೆ ಬೋಳಿಸಿಕೊಂಡು, ಹೆಗಲಿಗೆ ಟವೆಲ್ಲು ಹಾಕಿಕೊಂಡು, ಅಣ್ಣನ ಕಡೆಯ ಜಗುಲಿಯ ಮೇಲೆ ಕೂತಿದ್ದ. ಮಕ್ಕಳಿಲ್ಲದ ಅಣ್ಣನಿಗೆ ಕೊಳ್ಳಿ ಇಟ್ಟವನು ಅವನೇ.

ಒಳಗೆ ಹೋಗಿ ಮೇಷ್ಟ್ರ ಹೆಂಡತಿಯ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಕೂರಲಾಗಲಿಲ್ಲ. ಈಚೆಗೆ ಬಂದು ಅವನ ಪಕ್ಕ ಕೂತೆ. ಅಲ್ಲೂ ಆಗಲಿಲ್ಲ. ಎದ್ದು ನಿಂತೇ ಹೇಳಿದೆ.

"ನಿಮ್ಮಣ್ಣ ನನ್ನ ಹತ್ತಿರ ನಿನಗೊಂದು ಮಾತು ಹೇಳಿ ಕಳಿಸಿದ್ದರು. ಮೂರು ವರ್ಷದ ಹಿಂದೆ. ನಾನು ಹೇಳಲಿಲ್ಲ."

ಅವನು ತಲೆ ಎತ್ತಿ ನೋಡಿದ.

ಎಲ್ಲ ಹೇಳಿದೆ. ಅದು ಅಣಕವಲ್ಲ, ಕಣ್ಣಿಗೆ ಕುಟುಕುತ್ತಿತ್ತು ಅಂತ. ಆ ಗೇಣು ಜಾಗವೂ ಆಸೆಗಲ್ಲ, ಒಂದು ಕಡೆ ಎರಡು ಕಂಬ, ಇನ್ನೊಂದು ಕಡೆ ಒಂದೇ ಕಂಬ ಆಗುತ್ತದೆ ಅಂತ. ಬಿಸ್ಕತ್ತು, ಓಲೆ, ಬೆಂಕಿಪೊಟ್ಟಣದ ಚಕ್ಕೆ. ಕೊನೆಗೆ ಹೋಟೆಲಿನಲ್ಲಿ ಕುರ್ಚಿಯ ಕಥೆ ಹೇಳಿದ ದಿನ ನಾನು ಬಂದದ್ದು ಯಾಕೆ ಎಂಬುದು.

"ಅವ್ನು ಕೇಳಿದ್ದಕ್ಕೆ ಏನಂದೆ ನೀನು?"

"ಹೇಳಿದೆ ಅಂದೆ. ನೀನು ನಕ್ಕೆ ಅಂದೆ."

ಅವನು ತನ್ನ ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡ. ಆಳು ಬ್ರಷ್ಷನ್ನು ಡ್ರಮ್ಮಿನ ಅಂಚಿಗೆ ಬಡಿದ.

"ನಗ್ತಿದ್ದೆ ಕಣಕ್ಕಾ" ಎಂದ. "ಏಳಿದ್ರೆ ನಿಜ್ವಾಗ್ಲೂ ನಕ್ಕುಬುಡ್ತಿದ್ದೆ. ಚಿಕ್ಕುಡ್ಗ ಇದ್ದಾಗ ನನ್ ಬೈತಲೆ ಎಷ್ಟ್ ಸಲ ಬಾಚ್ತಿದ್ದ ಗೊತ್ತಾ ಅವ್ನು, ನಡೂಕ್ಕೆ ಬತ್ತಿಲ್ಲ ಅಂತ. ನಂಗೆ ಒಳೀಲೇ ಇಲ್ವಲ್ಲ ಕಣಕ್ಕಾ."

ನನಗೆ ಅಳು ಬಂತು. ಅವನು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. ಎದ್ದು ಟವೆಲ್ಲನ್ನು ಕೊಡವಿ, "ಅವ್ನು ಎಲ್ಲಿ ನಿಂತ್ಕಂಡು ನೋಡ್ತಿದ್ದ?" ಎಂದು ಕೇಳಿದ.

ಹುಣಿಸೆ ಮರದ ಬುಡ ತೋರಿಸಿದೆ. ಇಬ್ಬರೂ ಹೋಗಿ ನಿಂತೆವು. ಸುಣ್ಣ ಒಣಗತೊಡಗಿತ್ತು.

"ಸಮ ಅದಾ?" ಎಂದ.

ಹೌದು ಎಂದುಬಿಟ್ಟಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಸೂತಕದ ಮನೆಯಲ್ಲಿ ಜನ ಆಡುವುದು ಅಂಥ ಮಾತನ್ನೇ. ಆದರೆ ಆ ಜಾಗದಲ್ಲಿ ನಿಂತು ನೋಡುತ್ತಿದ್ದಾಗ ನನ್ನ ಕಣ್ಣಿಗೆ ಅದು ಕಂಡೇಬಿಟ್ಟಿತು. ತಮ್ಮನ ಕಡೆ ಹಳದಿ ಮುಚ್ಚಿತ್ತು. ಅಣ್ಣನ ಕಡೆ, ಎರಡು ಕೈ ಹೊಡೆದಿದ್ದರೂ, ಸುಣ್ಣದ ಒಳಗಿನಿಂದ ಗುಲಾಬಿ ಸಣ್ಣಗೆ ಇಣುಕುತ್ತಿತ್ತು.

"ಇಲ್ಲ" ಎಂದೆ. "ಅಣ್ಣನ ಕಡೆ ಇನ್ನೂ ಗುಲಾಬಿ ಕಾಣ್ತಿದೆ."

ಅವನು ಹೋಗಿ ಆಳಿನ ಕೈಯಿಂದ ಬ್ರಷ್ಷು ತೆಗೆದುಕೊಂಡ. ಹಾಸನದ ಬಸ್ಸಿನ ಹೊತ್ತು ಮೀರಿತು, ಆಮೇಲಿನ ಬಸ್ಸಿನದೂ ಮೀರಿತು. ಅವನು ಒಂದೊಂದು ಸಾಲು ಎಳೆದಾಗಲೂ ತಿರುಗಿ ನನ್ನ ಕಡೆ ನೋಡುತ್ತಿದ್ದ. ನಾನು ಹುಣಿಸೆ ಮರದ ಬುಡದಲ್ಲೇ ನಿಂತು, ಇಲ್ಲ, ಇನ್ನೂ ಇಲ್ಲ ಎಂದು ತಲೆ ಆಡಿಸುತ್ತಿದ್ದೆ.